ಬೀಟಾ ಎಚ್‌ಸಿಜಿ: ಒಂದು ಸಂಖ್ಯೆ ನೋಡಿ ಗಾಬರಿಯಾಗುವ ಮುನ್ನ

ಲ್ಯಾಬಿನ ವರದಿ ಈಗ ವಾಟ್ಸ್‌ಆ್ಯಪ್‌ಗೇ ಬಂದುಬಿಡುತ್ತದೆ. ಅದೂ ಬಹುಮಟ್ಟಿಗೆ ಸಂಜೆ, ಡಾಕ್ಟರು ಕ್ಲಿನಿಕ್ ಮುಚ್ಚಿಕೊಂಡು ಹೋದ ಮೇಲೆ. ತೆರೆದರೆ ದಪ್ಪಕ್ಷರದಲ್ಲಿ ಒಂದು ಸಂಖ್ಯೆ: 212. ಕೆಳಗೆ ವಾರವಾರದ ಲೆಕ್ಕದ ಉದ್ದನೆಯ ಪಟ್ಟಿ. ಇದು ಹೆಚ್ಚೋ ಕಡಿಮೆಯೋ ತಿಳಿಯದೆ ಅಕ್ಕನಿಗೆ ಫೋನ್ ಮಾಡಿದರೆ ಅವಳು, “ನನಗೆ ಆವಾಗ ಎಂಟುನೂರು ಚಿಲ್ಲರೆ ಇತ್ತು ಕಣೇ” ಅಂದುಬಿಡುತ್ತಾಳೆ. ಅಲ್ಲಿಗೆ ಆ ರಾತ್ರಿಯ ನಿದ್ದೆ ಕೆಟ್ಟಂತೆಯೇ. ಅಕ್ಕ ಹೇಳಿದ್ದು ಸುಳ್ಳಲ್ಲ, 212ರಲ್ಲೂ ತಪ್ಪಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದೇ ವ್ಯರ್ಥ. ಈ ಪರೀಕ್ಷೆಯಲ್ಲಿ ನಿಮ್ಮ ಸಂಖ್ಯೆಯನ್ನು ಹೋಲಿಸಬೇಕಾದದ್ದು ನಿಮ್ಮದೇ ಇನ್ನೊಂದು ಸಂಖ್ಯೆಯ ಜೊತೆ, ಎರಡು ದಿನ ಬಿಟ್ಟು ತೆಗೆದ ರಕ್ತದ ಜೊತೆ.

ಎಚ್‌ಸಿಜಿ ಎಂದರೆ ಹ್ಯೂಮನ್ ಕೋರಿಯಾನಿಕ್ ಗೊನಾಡೊಟ್ರೊಪಿನ್. ಭ್ರೂಣ ಗರ್ಭಕೋಶದ ಒಳಪದರಕ್ಕೆ ಅಂಟಿಕೊಂಡ ಮೇಲೆ, ಮುಂದೆ ಮಾಸು ಆಗಬೇಕಾದ ಜೀವಕೋಶಗಳು ಇದನ್ನು ತಯಾರಿಸಿ ತಾಯಿಯ ರಕ್ತಕ್ಕೆ ಬಿಡುತ್ತವೆ. ಇದರ ಮೊದಲ ಕೆಲಸವೇ ಮುಟ್ಟು ಬರದಂತೆ ತಡೆಯುವುದು. ಅಂಡ ಹೊರಬಿದ್ದ ಜಾಗದಲ್ಲಿ ಅಂಡಾಶಯದಲ್ಲಿ ಒಂದು ಹಳದಿ ಗಂಟು ಉಳಿಯುತ್ತದೆ. ಗರ್ಭದ ಪದರವನ್ನು ಹಿಡಿದಿಡುವ ಪ್ರೊಜೆಸ್ಟರಾನ್ ಬರುವುದು ಅದರಿಂದ. ಗರ್ಭ ನಿಲ್ಲದ ತಿಂಗಳಲ್ಲಿ ಆ ಗಂಟು ಸುಮಾರು ಎರಡು ವಾರಕ್ಕೆ ಬಾಡಿ, ಪ್ರೊಜೆಸ್ಟರಾನ್ ಇಳಿದು, ಮುಟ್ಟಾಗುತ್ತದೆ. ಎಚ್‌ಸಿಜಿ ಬಂದರೆ ಆ ಗಂಟು ಬಾಡುವುದಿಲ್ಲ. ಮಾಸು ಬಲಿತು ಪ್ರೊಜೆಸ್ಟರಾನ್ ಕೆಲಸವನ್ನು ತಾನೇ ವಹಿಸಿಕೊಳ್ಳುವವರೆಗೆ ಈ ಏರ್ಪಾಡು ನಡೆಯುತ್ತದೆ.

ಹೆಸರಿನ ಹಿಂದಿನ ‘ಬೀಟಾ’ಕ್ಕೂ ಒಂದು ಕಾರಣವಿದೆ. ಈ ಹಾರ್ಮೋನಿನಲ್ಲಿ ಆಲ್ಫಾ, ಬೀಟಾ ಎಂದು ಎರಡು ತುಂಡುಗಳಿವೆ. ಆಲ್ಫಾ ತುಂಡು ಎಲ್‌ಎಚ್, ಎಫ್‌ಎಸ್‌ಎಚ್, ಥೈರಾಯ್ಡಿನ ಟಿಎಸ್‌ಎಚ್ ಈ ಮೂರು ಹಾರ್ಮೋನುಗಳಲ್ಲೂ ಇರುವಂಥದ್ದೇ. ಹಾಗಾಗಿ ಹಳೆಯ ಪರೀಕ್ಷೆಗಳು ಎಲ್‌ಎಚ್ ಅನ್ನೂ ಗರ್ಭವೆಂದು ತಿಳಿಯುವ ಅಪಾಯವಿತ್ತು. 1920ರ ದಶಕದ ಕೊನೆಗೆ ಬರ್ಲಿನ್ನಿನಲ್ಲಿ ಆಶೈಮ್ ಮತ್ತು ಝೊಂಡೆಕ್ ಎಂಬ ವೈದ್ಯರು ಹೆಂಗಸಿನ ಮೂತ್ರವನ್ನು ಇಲಿಮರಿಗಳಿಗೆ ಚುಚ್ಚಿ, ಕೆಲವು ದಿನ ಕಾದು, ಅವುಗಳನ್ನು ಕೊಯ್ದು ಅಂಡಾಶಯ ನೋಡಿ ಫಲಿತಾಂಶ ಹೇಳುತ್ತಿದ್ದರು. ಆಮೇಲೆ ಮೊಲ ಬಂತು, ಆಫ್ರಿಕಾದ ಕಪ್ಪೆ ಬಂತು. 1972ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜುಡಿತ್ ವೈಟುಕೈಟಿಸ್, ಗ್ಲೆನ್ ಬ್ರಾನ್‌ಸ್ಟೀನ್, ಗ್ರಿಫ್ ರಾಸ್ ಸೇರಿ ಬೀಟಾ ತುಂಡನ್ನಷ್ಟೇ ಗುರುತಿಸುವ ರಕ್ತಪರೀಕ್ಷೆಯನ್ನು ಪ್ರಕಟಿಸಿದರು. ಇವತ್ತು ನಮ್ಮ ತಾಲ್ಲೂಕು ಕೇಂದ್ರದ ಲ್ಯಾಬಿನಲ್ಲಿ ಅರ್ಧ ದಿನಕ್ಕೆ ಸಿಗುವ ವರದಿಯ ಬುಡ ಅಲ್ಲಿದೆ. ಅಂದಹಾಗೆ, ಆಲ್ಫಾ ತುಂಡಿನ ಈ ಹೋಲಿಕೆಯಿಂದಾಗಿ ಎಚ್‌ಸಿಜಿ ಏರಿದಾಗ ಥೈರಾಯ್ಡ್ ಗ್ರಂಥಿಯೂ ಕೊಂಚ ಚುರುಕಾಗುತ್ತದೆ. ಮೊದಲ ಮೂರು ತಿಂಗಳಲ್ಲಿ ಟಿಎಸ್‌ಎಚ್ ತುಸು ಇಳಿದು ಕಂಡರೆ ಅದನ್ನೇ ಹೊಸ ಕಾಯಿಲೆ ಎಂದುಕೊಳ್ಳಬೇಕಿಲ್ಲ. ಡಾಕ್ಟರಿಗೆ ತೋರಿಸಿದರೆ ಸಾಕು.

ಕಿಟ್ ಸಾಕೋ, ರಕ್ತವೇ ಬೇಕೋ

ತಿಂಗಳು ತಪ್ಪದೆ ಮುಟ್ಟಾಗುವವರಿಗೆ, ಹೊಟ್ಟೆನೋವು, ರಕ್ತಸ್ರಾವ ಇಲ್ಲದವರಿಗೆ, ಔಷಧಿ ಅಂಗಡಿಯ ಕಿಟ್ ಸಾಕು. ಡೇಟ್ ದಾಟಿದ ಮೇಲೆ ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ, ಎರಡು ಗೆರೆ ಸ್ಪಷ್ಟವಾಗಿ ಬಂದರೆ ಅದು ನಂಬಬಹುದಾದ ಉತ್ತರವೇ. ಆಶಾ ಕಾರ್ಯಕರ್ತೆಯರ ಬಳಿ ‘ನಿಶ್ಚಯ್’ ಕಿಟ್ ಉಚಿತವಾಗಿ ಸಿಗುತ್ತದೆ. ಹಳ್ಳಿಯಲ್ಲಿದ್ದವರು ಅಂಗಡಿಯವನ ಮುಖ ನೋಡಿ ಕೇಳುವ ಸಂಕೋಚವನ್ನೂ ತಪ್ಪಿಸಿಕೊಳ್ಳಬಹುದು. ಪೊಟ್ಟಣದ ಮೇಲೆ ಬರೆದಷ್ಟು ನಿಮಿಷದೊಳಗೆ ಓದಬೇಕು ಅಷ್ಟೆ. ಮಧ್ಯಾಹ್ನ ಕಸದ ಬುಟ್ಟಿಯಿಂದ ತೆಗೆದು ನೋಡಿದಾಗ ಮೂಡಿರುವ ಬೂದು ಗೆರೆಗೆ ಬೆಲೆಯಿಲ್ಲ.

ಹಾಗಾದರೆ ರಕ್ತ ಕೊಡುವುದು ಯಾವಾಗ? ಕಿಟ್‌ನಲ್ಲಿ ಗೆರೆ ತೀರ ಮಸುಕಾಗಿ ಬಂದು ಅನುಮಾನ ಉಳಿದಾಗ. ಪಿಸಿಓಡಿಯಿಂದಾಗಿ ಮುಟ್ಟು ಯಾವಾಗ ಬರಬೇಕಿತ್ತು ಎಂಬುದೇ ಗೊತ್ತಿಲ್ಲದಾಗ. ಹಿಂದೆ ಗರ್ಭಪಾತವಾಗಿದ್ದರೆ, ಟ್ಯೂಬಿನಲ್ಲಿ ಗರ್ಭ ನಿಂತಿದ್ದರೆ. ಐವಿಎಫ್ ಮಾಡಿಸಿಕೊಂಡವರಿಗೆ ಭ್ರೂಣ ಇಟ್ಟ ಸುಮಾರು ಎರಡು ವಾರಕ್ಕೆ ಆಸ್ಪತ್ರೆಯವರೇ ಬರಹೇಳುತ್ತಾರೆ. ಹೊಟ್ಟೆನೋವು, ರಕ್ತ ಕಾಣಿಸಿಕೊಂಡವರಿಗಂತೂ ಇದು ಬೇಕೇ ಬೇಕು. ಇದಾವುದೂ ಇಲ್ಲದೆ ಸುಮ್ಮನೆ ‘ಒಂದು ಸಲ ನೋಡಿಬಿಡೋಣ’ ಎಂದು ವಾರಕ್ಕೆರಡು ಬಾರಿ ರಕ್ತ ಕೊಡುವ ಅಭ್ಯಾಸ ಈಚೆಗೆ ಪಟ್ಟಣಗಳಲ್ಲಿ ಬೆಳೆಯುತ್ತಿದೆ. ಅದರಿಂದ ಗರ್ಭಕ್ಕೆ ಏನೂ ಲಾಭವಿಲ್ಲ. ಲ್ಯಾಬಿಗಿದೆ.

ತೀರ ಮುಂಚೆ ಹೋದರೂ ಉಪಯೋಗವಿಲ್ಲ. ಅಂಡ ಬಿಡುಗಡೆಯಾದ ಮೇಲೆ ಭ್ರೂಣ ಅಂಟಿಕೊಳ್ಳಲು ಆರರಿಂದ ಹನ್ನೆರಡು ದಿನ ಹಿಡಿಯುತ್ತದೆ; ಹೆಚ್ಚಿನವರಲ್ಲಿ ಎಂಟರಿಂದ ಹತ್ತನೇ ದಿನ. ಅಂಟಿಕೊಳ್ಳುವ ಮೊದಲು ರಕ್ತದಲ್ಲಿ ಅಳೆಯಲು ಏನೂ ಇರುವುದಿಲ್ಲ. ರಕ್ತಪರೀಕ್ಷೆ ಕಿಟ್‌ಗಿಂತ ಕೆಲವು ದಿನ ಮೊದಲೇ ಹಿಡಿಯುತ್ತದೆ ಎನ್ನುವುದು ನಿಜ, ಆದರೆ ಕೂಡಿದ ನಾಲ್ಕನೇ ದಿನಕ್ಕೆ ಹಿಡಿಯುವುದಿಲ್ಲ. ‘ನೆಗೆಟಿವ್’ ಬಂದು ಮುಟ್ಟೂ ಬರದಿದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡಿ.

ಲ್ಯಾಬಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಿಲ್ಲ. ತಿಂಡಿ ತಿಂದೇ ಹೋಗಿ. ಮೊದಲೇ ವಾಕರಿಕೆ ಇರುವವರು ಹಸಿದುಕೊಂಡು ಸರದಿಯಲ್ಲಿ ಕುಳಿತು ತಲೆಸುತ್ತು ಬರಿಸಿಕೊಳ್ಳುವುದು ಬೇಡ. ಚೀಟಿ ಬರೆಸುವಾಗ ಮಾತ್ರ ಒಂದು ವಿಷಯ ಗಮನಿಸಿ. ಎರಡು ಬಗೆಯ ಪರೀಕ್ಷೆಗಳಿವೆ: ‘ಇದೆ, ಇಲ್ಲ’ ಎಂದಷ್ಟೇ ಹೇಳುವುದು ಒಂದು, ಎಷ್ಟಿದೆ ಎಂದು ಅಂಕಿಯಲ್ಲಿ ಹೇಳುವುದು ಇನ್ನೊಂದು. ಡಾಕ್ಟರು ಬೀಟಾ ಎಂದು ಬರೆದಿದ್ದರೆ ಅವರಿಗೆ ಬೇಕಿರುವುದು ಸಾಮಾನ್ಯವಾಗಿ ಎರಡನೆಯದು. ಕೂದಲಿಗೆ, ಉಗುರಿಗೆ ಎಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ತೆಗೆಯುವವರಿಗೆ ಹೇಳಿ. ಹೆಚ್ಚಿನ ಪ್ರಮಾಣದ ಬಯೋಟಿನ್ ಕೆಲವು ಯಂತ್ರಗಳಲ್ಲಿ ಈ ಸಂಖ್ಯೆಯನ್ನು ಸುಳ್ಳಾಗಿ ತಗ್ಗಿಸುತ್ತದೆ. ಎಷ್ಟು ಹೊತ್ತು ಬಿಟ್ಟು ಬರಬೇಕೆಂದು ಅವರೇ ತಿಳಿಸುತ್ತಾರೆ.

ವರದಿಯ ಸಾಲುಗಳು

ಅಳತೆ ಇರುವುದು ಮಿಲಿ ಇಂಟರ್‌ನ್ಯಾಷನಲ್ ಯೂನಿಟ್‌ಗಳಲ್ಲಿ, ಒಂದು ಮಿಲಿಲೀಟರ್ ರಕ್ತಸಾರಕ್ಕೆ ಇಷ್ಟು ಎಂದು. ಕೆಲವು ಲ್ಯಾಬುಗಳು ಒಂದು ಲೀಟರಿಗೆ ಇಷ್ಟು ಯೂನಿಟ್ ಎಂದು ಮುದ್ರಿಸುತ್ತವೆ. ಅಂಕಿ ಅದೇ, ಹೆದರಬೇಡಿ. 5ಕ್ಕಿಂತ ಕಡಿಮೆ ಇದ್ದರೆ ಗರ್ಭವಿಲ್ಲ ಎಂದು ತಿಳಿಯುತ್ತಾರೆ. 25 ದಾಟಿದರೆ ಇದೆ. ನಡುವಿನದು ಅಡ್ಡಗೋಡೆಯ ಮೇಲಿನ ದೀಪ: ಈಗಷ್ಟೇ ಅಂಟಿಕೊಂಡ ಗರ್ಭವಿರಬಹುದು, ಅಂಟಿಕೊಂಡು ಬಿಟ್ಟುಹೋದದ್ದಿರಬಹುದು. ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡುವುದೇ ಅದಕ್ಕೆ ದಾರಿ.

ಇನ್ನು ಆ ಪಟ್ಟಿ. ನಾಲ್ಕನೇ ವಾರಕ್ಕೆ 5ರಿಂದ 426, ಐದನೇ ವಾರಕ್ಕೆ 18ರಿಂದ 7,340, ಆರನೇ ವಾರಕ್ಕೆ 1,080ರಿಂದ 56,500 ಎಂಬಂಥ ಅಂಕಿಗಳು ಎಲ್ಲ ಕಡೆ ಚಾಲ್ತಿಯಲ್ಲಿವೆ. ಒಂದು ಕ್ಷಣ ಐದನೇ ವಾರದ ಸಾಲನ್ನೇ ನೋಡಿ. ಕೆಳಗಿನ ಅಂಕಿಗೂ ಮೇಲಿನದಕ್ಕೂ ನಾನೂರು ಪಟ್ಟು ಅಂತರ. ಇಷ್ಟು ಅಗಲದ ಬಾಗಿಲಲ್ಲಿ ಯಾರು ಬೇಕಾದರೂ ಒಳಗೆ ಬರಬಹುದು. ನಿಮ್ಮ 212 ಇದರೊಳಗೆ ಇದೆ ಎಂದು ನೆಮ್ಮದಿ ಪಡುವುದಕ್ಕೂ ಆಧಾರವಿಲ್ಲ, ಅಕ್ಕನ 800ಕ್ಕಿಂತ ಕಡಿಮೆ ಎಂದು ಅಳುವುದಕ್ಕೂ ಇಲ್ಲ. ಅಕ್ಕ ರಕ್ತ ಕೊಟ್ಟದ್ದು ನಿಮಗಿಂತ ನಾಲ್ಕು ದಿನ ತಡವಾಗಿದ್ದರೆ ಅಷ್ಟರಲ್ಲೇ ಸಂಖ್ಯೆ ಎರಡು ಸಲ ದುಪ್ಪಟ್ಟಾಗಿರಬಹುದು.

ಪಟ್ಟಿಯಲ್ಲಿರುವ ‘ವಾರ’ವೂ ಬಹಳ ಜನರನ್ನು ಎಡವಿಸುತ್ತದೆ. ಲೆಕ್ಕ ಶುರುವಾಗುವುದು ಗಂಡಹೆಂಡತಿ ಕೂಡಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಇಪ್ಪತ್ತೆಂಟು ದಿನಕ್ಕೆ ಮುಟ್ಟಾಗುವವರು ಡೇಟ್ ತಪ್ಪಿದ ದಿನಕ್ಕೇ ನಾಲ್ಕು ವಾರದ ಗರ್ಭಿಣಿ. ಭ್ರೂಣಕ್ಕೆ ಆಗ ನಿಜವಾದ ವಯಸ್ಸು ಎರಡೇ ವಾರ. ಮೂವತ್ತೈದು, ನಲವತ್ತು ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡ ಬಿಡುಗಡೆಯೇ ತಡವಾಗಿರುತ್ತದೆ. ಹಾಗಾಗಿ ಪಟ್ಟಿ ಅವರನ್ನು ‘ಆರನೇ ವಾರ’ ಎಂದರೂ ಒಳಗಿನದು ಐದರ ಗರ್ಭ. ಸಂಖ್ಯೆ ಕಡಿಮೆ ಕಂಡು ಗರ್ಭ ಬೆಳೆಯುತ್ತಿಲ್ಲ ಎಂದು ಹೆದರಿಕೊಂಡವರಲ್ಲಿ ಇಂಥವರು ಬೇಕಾದಷ್ಟು ಸಿಗುತ್ತಾರೆ.

ವರದಿಯ ತಲೆಯ ಬಳಿ ಸಣ್ಣ ಅಕ್ಷರದಲ್ಲಿ ಮೂರು ಹೊತ್ತುಗಳಿರುತ್ತವೆ: ರಕ್ತ ತೆಗೆದದ್ದು, ಲ್ಯಾಬಿಗೆ ತಲುಪಿದ್ದು, ವರದಿ ಹೊರಟದ್ದು. ನಿಮಗೆ ಬೇಕಾದದ್ದು ಮೊದಲನೆಯದು ಮಾತ್ರ. ಎರಡನೇ ವರದಿ ಬಂದಾಗ ಲೆಕ್ಕ ಹಾಕುವುದು ಆ ಹೊತ್ತಿನಿಂದ ಈ ಹೊತ್ತಿಗೆ.

ಎರಡನೇ ಸಲದ ರಕ್ತ

ಸೋಮವಾರ ಬೆಳಿಗ್ಗೆ ಎಂಟಕ್ಕೆ 212 ಬಂದಿದೆ ಎನ್ನಿ. ಬುಧವಾರ ಬೆಳಿಗ್ಗೆ ಎಂಟಕ್ಕೆ ಅದೇ ಲ್ಯಾಬಿನಲ್ಲಿ ಮತ್ತೆ ಕೊಡಬೇಕು. ಒಂದೇ ಲ್ಯಾಬು ಎನ್ನುವುದು ಹಟವಲ್ಲ. ಬೇರೆ ಬೇರೆ ಕಂಪನಿಯ ಯಂತ್ರಗಳು ಅದೇ ರಕ್ತಕ್ಕೆ ಬೇರೆ ಬೇರೆ ಅಂಕಿ ಕೊಡುತ್ತವೆ. ಮನೆಗೆ ಬಂದು ರಕ್ತ ತೆಗೆಯುವ ಕಂಪನಿಯಲ್ಲಿ ಒಮ್ಮೆ, ಆಸ್ಪತ್ರೆಯಲ್ಲಿ ಒಮ್ಮೆ ಕೊಟ್ಟು ಹೋಲಿಸಿದರೆ ಏರಿದ್ದೂ ಇಳಿದದ್ದೂ ಗರ್ಭದ್ದೋ ಯಂತ್ರದ್ದೋ ತಿಳಿಯುವುದಿಲ್ಲ.

ಮೊದಲ ವಾರಗಳಲ್ಲಿ ಈ ಹಾರ್ಮೋನು ಎರಡು, ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಅದು ಸರಾಸರಿಯ ಮಾತು. ಸರಿಯಾಗಿ ದುಪ್ಪಟ್ಟಾಗಲಿಲ್ಲ ಎಂಬುದೊಂದೇ ಕಾರಣಕ್ಕೆ ಗರ್ಭ ಕೆಟ್ಟಿತೆಂದು ಹೇಳಲು ಬರುವುದಿಲ್ಲ. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು 2018ರಲ್ಲಿ ಕೊಟ್ಟ ಮಾರ್ಗಸೂಚಿ ಕನಿಷ್ಠ ಏರಿಕೆ ಎಷ್ಟಿರಬೇಕೆಂದು ಹೇಳುತ್ತದೆ: ಮೊದಲ ಸಂಖ್ಯೆ 1,500ಕ್ಕಿಂತ ಕಡಿಮೆ ಇದ್ದರೆ 48 ಗಂಟೆಯಲ್ಲಿ ಶೇ 49, 1,500ರಿಂದ 3,000ದ ನಡುವೆ ಇದ್ದರೆ ಶೇ 40, ಅದಕ್ಕೂ ಮೇಲಿದ್ದರೆ ಶೇ 33. ಹಾಗೆ ನೋಡಿದರೆ ನಮ್ಮ 212 ಬುಧವಾರ 316ರ ಆಸುಪಾಸಿಗಾದರೂ ಮುಟ್ಟಬೇಕು. 390 ಬಂತೋ, ಚೆನ್ನಾಗಿದೆ. 275 ಬಂತೋ, ಏರಿಕೆ ಶೇ 30ರಷ್ಟೇ. ಡಾಕ್ಟರು ಹುಷಾರಾಗುತ್ತಾರೆ, ಮೂರನೇ ಸಲ ರಕ್ತ ಕೇಳುತ್ತಾರೆ, ಸ್ಕ್ಯಾನಿಂಗ್ ಬೇಗ ಮಾಡಿಸುತ್ತಾರೆ. 120ಕ್ಕೆ ಇಳಿದಿದ್ದರೆ ಗರ್ಭ ಮುಂದುವರಿಯುತ್ತಿಲ್ಲ ಎಂದೇ ಅರ್ಥ. ಹಾಗೆ ಇಳಿದದ್ದು 5ರ ಕೆಳಗೆ ಬರುವವರೆಗೂ ವಾರಕ್ಕೊಮ್ಮೆ ನೋಡಲು ಹೇಳಿದರೆ ತಪ್ಪಿಸಬೇಡಿ. ಇಳಿಯುತ್ತ ಇಳಿಯುತ್ತ ನಡುವೆ ನಿಂತುಬಿಡುವುದೂ ಉಂಟು. ಅದನ್ನು ಹಿಡಿಯಲು ಬೇರೆ ಉಪಾಯವಿಲ್ಲ.

ಡೇಟ್ ದಾಟಿದ ಎರಡನೇ ದಿನ ಕಿಟ್‌ನಲ್ಲಿ ಮಸುಕು ಗೆರೆ, ನಾಲ್ಕನೇ ದಿನ ಮುಟ್ಟು: ಇದನ್ನು ಡಾಕ್ಟರುಗಳು ಬಯೋಕೆಮಿಕಲ್ ಪ್ರೆಗ್ನೆನ್ಸಿ ಎನ್ನುತ್ತಾರೆ. ಇದು ಸಾಕಷ್ಟು ಸಾಮಾನ್ಯ. ಮೊದಲೆಲ್ಲ ಹೆಂಗಸರು ‘ಈ ಸಲ ನಾಲ್ಕು ದಿನ ತಡವಾಯಿತು’ ಎಂದುಕೊಂಡು ಮುಂದೆ ಹೋಗುತ್ತಿದ್ದರು. ಈಗ ಪರೀಕ್ಷೆ ಬೇಗ ಸಿಗುವುದರಿಂದ ಅದಕ್ಕೊಂದು ಹೆಸರೂ ಸಿಕ್ಕಿದೆ, ದುಃಖವೂ ಸಿಕ್ಕಿದೆ. ಮೆಟ್ಟಿಲು ಹತ್ತಿದ್ದಕ್ಕೆ, ಪಪ್ಪಾಯಿ ತಿಂದದ್ದಕ್ಕೆ, ಸ್ಕೂಟರಿನಲ್ಲಿ ಹೋದದ್ದಕ್ಕೆ ಹೀಗಾಯಿತೆಂದು ಅತ್ತೆಯೋ ನಾದಿನಿಯೋ ಹೇಳಿದರೆ ಒಪ್ಪಿಕೊಳ್ಳಬೇಡಿ. ಇಷ್ಟು ಬೇಗ ನಿಲ್ಲುವ ಗರ್ಭಗಳಲ್ಲಿ ಹೆಚ್ಚಿನವು ಭ್ರೂಣದ ವರ್ಣತಂತುಗಳ ದೋಷದಿಂದಲೇ ನಿಲ್ಲುತ್ತವೆ.

ಸಂಖ್ಯೆ ಹೇಳದ ಸಂಗತಿ

ಗರ್ಭ ಇದೆ ಎನ್ನುವುದನ್ನು ಈ ಪರೀಕ್ಷೆ ಚೆನ್ನಾಗಿ ಹೇಳುತ್ತದೆ. ಎಲ್ಲಿದೆ ಎಂದು ಮಾತ್ರ ಹೇಳಲಾರದು. ಗರ್ಭಕೋಶದ ಬದಲು ಟ್ಯೂಬಿನಲ್ಲಿ ಬೆಳೆಯುವ ಗರ್ಭವೂ ಇದೇ ಹಾರ್ಮೋನನ್ನು ಬಿಡುತ್ತದೆ. ಸಾಮಾನ್ಯವಾಗಿ ಅಲ್ಲಿ ಸಂಖ್ಯೆ ಕುಂಟುತ್ತ ಏರುತ್ತದೆ; ಆದರೆ ಕೆಲವರಲ್ಲಿ ಎಲ್ಲ ಸರಿಯಿದ್ದಂತೆಯೇ ಏರಿ ಮೋಸ ಮಾಡುತ್ತದೆ, ಕೆಲವರಲ್ಲಿ ಇಳಿಯುತ್ತಿರುವಾಗಲೇ ಟ್ಯೂಬು ಒಡೆಯುತ್ತದೆ. ಆದ್ದರಿಂದ ಹೊಟ್ಟೆಯ ಕೆಳಭಾಗದಲ್ಲಿ, ಅದರಲ್ಲೂ ಒಂದೇ ಕಡೆ, ಬಿಡದ ನೋವು, ಹೆಗಲ ತುದಿಯಲ್ಲಿ ನೋವು, ಕಣ್ಣು ಕತ್ತಲೆ ಬಂದು ಬೀಳುವಂತಾಗುವುದು ಇವುಗಳಲ್ಲಿ ಯಾವುದು ಕಂಡರೂ ವರದಿಗೆ ಕಾಯುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ. ‘ಬೀಟಾ ನಾರ್ಮಲ್ ಇತ್ತಲ್ಲ’ ಎಂದು ಮನೆಯಲ್ಲಿ ಮಲಗಿಸಿದರೆ ಜೀವಕ್ಕೇ ಕುತ್ತು. ರಕ್ತದ ಗುಂಪು ನೆಗೆಟಿವ್ ಇರುವವರು ರಕ್ತಸ್ರಾವವಾದಾಗ ಅದನ್ನು ಮೊದಲು ಹೇಳಬೇಕು, ಆ್ಯಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು.

ಬೇಡದ ಗರ್ಭ ಎಂದು ಅಂಗಡಿಯಿಂದ ಮಾತ್ರೆ ತರಿಸಿ ನುಂಗುವವರಿಗೂ ಇದೇ ಮಾತು. ಆ ಮಾತ್ರೆಗಳು ಟ್ಯೂಬಿನ ಗರ್ಭವನ್ನು ತೆಗೆಯುವುದಿಲ್ಲ. ರಕ್ತ ಹೋಯಿತು, ಕೆಲಸ ಮುಗಿಯಿತು ಎಂದು ಸುಮ್ಮನಿದ್ದಾಗ ಅದು ಒಳಗೇ ಬೆಳೆಯುತ್ತಿರುತ್ತದೆ. ಗರ್ಭಪಾತದ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾದ ಮೇಲೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು, ಮದುವೆಯಾಗದವರಿಗೂ ಹಕ್ಕಿದೆ, ಹೆಸರು ಗುಟ್ಟಾಗಿರಬೇಕು. ಡಾಕ್ಟರ ಹತ್ತಿರವೇ ಹೋಗಿ.

ಗರ್ಭ ಎಲ್ಲಿದೆ ಎಂದು ತೋರಿಸುವುದು ಸ್ಕ್ಯಾನಿಂಗ್. ಮೊದಲು 1,500 ಅಥವಾ 2,000 ದಾಟಿದರೆ ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲಿ ಗರ್ಭದ ಚೀಲ ಕಾಣಲೇಬೇಕು ಎನ್ನುತ್ತಿದ್ದರು. ಆ ಗೆರೆ ತೀರ ಕೆಳಗಾಯಿತು, ಒಳ್ಳೆಯ ಗರ್ಭಗಳನ್ನೂ ಕೆಟ್ಟದ್ದೆಂದು ತಿಳಿಯುವ ಅಪಾಯವಿದೆ ಎಂದು 2018ರ ಆ ಮಾರ್ಗಸೂಚಿ 3,500ರವರೆಗೆ ಏರಿಸಿದೆ. ಆದ್ದರಿಂದ 900 ಇರುವಾಗ ಸ್ಕ್ಯಾನ್ ಮಾಡಿಸಿ ‘ಏನೂ ಕಾಣಲಿಲ್ಲ’ ಎಂದರೆ ಅದು ಕೆಟ್ಟ ಸುದ್ದಿಯಲ್ಲ, ಬೇಗ ಹೋದದ್ದಷ್ಟೆ. ನೋವಿದ್ದರೆ ಮಾತ್ರ ಸಂಖ್ಯೆ ಎಷ್ಟೇ ಇರಲಿ ಸ್ಕ್ಯಾನ್ ಆಗಬೇಕು.

ಅವಳಿಯೋ ಎಂಬುದು ಇನ್ನೊಂದು ಪ್ರಶ್ನೆ. ಅವಳಿ ಇದ್ದರೆ ಸಂಖ್ಯೆ ಹೆಚ್ಚಿರುವುದು ನಿಜ, ಆದರೆ ಒಂಟಿ ಗರ್ಭದಲ್ಲೂ ಅಷ್ಟು ಬರಬಹುದು; ಸ್ಕ್ಯಾನ್ ನೋಡದೆ ಹೇಳಲಾಗದು. ಲಕ್ಷವನ್ನೂ ಮೀರಿ ಏರಿ, ವಾಂತಿ ವಿಪರೀತವಾಗಿ, ರಕ್ತವೂ ಕಂಡರೆ ಮುತ್ತಿನ ಗರ್ಭದ ಅನುಮಾನ ಬರುತ್ತದೆ. ಅಲ್ಲಿ ಮಗುವಿನ ಬದಲು ಮಾಸಿನ ಅಂಶ ದ್ರಾಕ್ಷಿ ಗೊಂಚಲಿನಂತೆ ಬೆಳೆದಿರುತ್ತದೆ. ತೆಗೆದ ಮೇಲೂ ತಿಂಗಳುಗಟ್ಟಲೆ ಬೀಟಾ ನೋಡುತ್ತಲೇ ಇರಬೇಕಾಗುತ್ತದೆ. ಗಂಡೋ ಹೆಣ್ಣೋ ಎಂಬುದಕ್ಕೆ ಈ ಸಂಖ್ಯೆಯಲ್ಲಿ ಉತ್ತರವಿಲ್ಲ. ಇದೆ ಎಂದು ಹೇಳಿ ದುಡ್ಡು ಕೇಳಿದವರು ಮೋಸಗಾರರು. ಲಿಂಗ ಪತ್ತೆ 1994ರ ಕಾಯ್ದೆಯಂತೆ ಅಪರಾಧ ಕೂಡ.

ಗರ್ಭವೇ ಇಲ್ಲದೆ ಸಂಖ್ಯೆ ಬರುವ ಸಂದರ್ಭಗಳು ಕೆಲವಿವೆ. ಬಂಜೆತನದ ಚಿಕಿತ್ಸೆಯಲ್ಲಿ ಅಂಡ ಬಿಡುಗಡೆಗೆಂದು ಕೊಡುವ 5,000 ಅಥವಾ 10,000 ಯೂನಿಟ್ಟಿನ ಚುಚ್ಚುಮದ್ದಿನಲ್ಲಿರುವುದು ಇದೇ ಎಚ್‌ಸಿಜಿ. ಅದು ಮೈಯಿಂದ ಇಳಿಯಲು ಹತ್ತು, ಹದಿನಾಲ್ಕು ದಿನ ಹಿಡಿಯುತ್ತದೆ. ಅಷ್ಟರೊಳಗೆ ಕಿಟ್ ನೋಡಿ ಮನೆಮಂದಿಗೆಲ್ಲ ಸಿಹಿ ಹಂಚಿದರೆ ಆಮೇಲೆ ಕಷ್ಟ. ಗರ್ಭಪಾತವಾದ ಮೇಲೂ ಕೆಲವು ವಾರ ಕಿಟ್ ಎರಡು ಗೆರೆ ತೋರಿಸುತ್ತಲೇ ಇರಬಹುದು. ಮುಟ್ಟು ನಿಲ್ಲುವ ವಯಸ್ಸಿನವರಲ್ಲಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯೇ ಸ್ವಲ್ಪ ಎಚ್‌ಸಿಜಿ ಬಿಡುವುದರಿಂದ 10, 12 ಬಂದು ಕೂರುತ್ತದೆ, ಏರುವುದೂ ಇಲ್ಲ ಇಳಿಯುವುದೂ ಇಲ್ಲ. ಅಪರೂಪಕ್ಕೆ ರಕ್ತದಲ್ಲಿರುವ ಬೇರೆ ಪ್ರತಿಕಾಯಗಳು ಯಂತ್ರವನ್ನು ದಾರಿತಪ್ಪಿಸುತ್ತವೆ. ಆಗ ರಕ್ತದಲ್ಲಿ ಇದೆ ಎನ್ನುತ್ತದೆ, ಮೂತ್ರದಲ್ಲಿ ಇಲ್ಲ ಎನ್ನುತ್ತದೆ. ಆ ಪ್ರತಿಕಾಯಗಳು ಮೂತ್ರಕ್ಕೆ ಇಳಿಯುವುದಿಲ್ಲವಾದ್ದರಿಂದ ಅಲ್ಲಿ ಗುಟ್ಟು ಬಯಲಾಗುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ ಕೊನೆಯ ಮುಟ್ಟಿನ ಮೊದಲ ದಿನಾಂಕ, ಎರಡೂ ವರದಿಗಳ ಪೂರ್ತಿ ಪಿಡಿಎಫ್, ತೆಗೆದುಕೊಳ್ಳುತ್ತಿರುವ ಮಾತ್ರೆ, ಇಂಜೆಕ್ಷನ್‌ಗಳ ಚೀಟಿ ಜೊತೆಗಿರಲಿ. ಸಂಖ್ಯೆಯನ್ನಷ್ಟೇ ಬಾಯಲ್ಲಿ ಹೇಳಿದರೆ ಅವರಿಗೂ ಏನೂ ಹೇಳಲಾಗುವುದಿಲ್ಲ. ಫೋಲಿಕ್ ಆಸಿಡ್ ಮಾತ್ರೆ ಶುರುಮಾಡಲು ಎರಡನೇ ವರದಿಗೆ ಕಾಯುವ ಅಗತ್ಯವಿಲ್ಲ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿಕೊಂಡರೆ ಮುಂದಿನ ತಪಾಸಣೆಗಳಿಗೆ ಅನುಕೂಲ.

ಸ್ಕ್ಯಾನಿನಲ್ಲಿ ಎದೆಬಡಿತ ಕಂಡ ಮೇಲೆ ಬೀಟಾ ಮತ್ತೆ ಮತ್ತೆ ಮಾಡಿಸುವುದರಲ್ಲಿ ಹುರುಳಿಲ್ಲ. ಎಂಟರಿಂದ ಹನ್ನೊಂದನೇ ವಾರದ ನಡುವೆ ಅದು ಲಕ್ಷದ ಆಸುಪಾಸಿಗೆ ಏರಿ, ಆಮೇಲೆ ತಾನಾಗಿ ಇಳಿಯುತ್ತದೆ. ಆಗಿನ ಇಳಿತ ಗರ್ಭಪಾತದ ಲಕ್ಷಣವಲ್ಲ. ಹನ್ನೆರಡನೇ ವಾರದ ಹೊತ್ತಿಗೆ ಡಬಲ್ ಮಾರ್ಕರ್ ಪರೀಕ್ಷೆಗೆ ರಕ್ತ ಕೊಟ್ಟಾಗ ವರದಿಯಲ್ಲಿ ‘ಫ್ರೀ ಬೀಟಾ ಎಚ್‌ಸಿಜಿ’ ಎಂಬ ಸಾಲು ಮತ್ತೆ ಕಣ್ಣಿಗೆ ಬೀಳುತ್ತದೆ. ಅದನ್ನು ಹಳೆಯ ವರದಿಯ ಪಕ್ಕ ಇಟ್ಟು ‘ಅಯ್ಯೋ, ಇಷ್ಟು ಇಳಿದುಬಿಟ್ಟಿದೆ’ ಎನ್ನಬೇಡಿ. ಅದು ಒಂಟಿಯಾಗಿ ಓಡಾಡುವ ಬೀಟಾ ತುಂಡಿನ ಅಳತೆ, ಮಗುವಿಗೆ ಡೌನ್ ಸಿಂಡ್ರೋಮ್ ಬರುವ ಸಂಭವವನ್ನು ಲೆಕ್ಕಹಾಕಲು ಮಾಡುವಂಥದ್ದು. ಹಳೆಯ ವರದಿಯಲ್ಲಿದ್ದದ್ದು ಒಟ್ಟು ಎಚ್‌ಸಿಜಿ. ಒಂದಕ್ಕೊಂದು ಹೋಲಿಸಲು ಬರುವುದಿಲ್ಲ.